ಪ್ರತಿಕ್ರಿಯೆ: ಹಬಲ್ ಸ್ಥಿರಾಂಕ, ಅಂದರೆ ವಿಶ್ವ ಹಿಗ್ಗುವ ದರ, ನನ್ನ ಸೂಪರ್‌ನೋವಾ (ಸ್ಫೋಟಿಸುವ ತಾರೆ) ಫಿಟ್‌ನಲ್ಲಿ 73, ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ 67.4. ನನ್ನ ಕೋಡ್ ತಪ್ಪಾ?

ಕೋಡ್ ತಪ್ಪಿರಲಿಕ್ಕಿಲ್ಲ. ಸೂಪರ್‌ನೋವಾದ ನಿಜವಾದ ಹೊಳಪು, ಅಂದರೆ M, ಅದನ್ನು ನೀವು ಮೊದಲೇ −19.25 ಎಂದು ಇಟ್ಟಿದ್ದೀರಿ. 73 ಬಂದಿದ್ದು ಅಲ್ಲಿಂದಲೇ. −19.42 ಹಾಕಿ ನೋಡಿ, 67.5ರ ಹತ್ತಿರ ಬರುತ್ತದೆ. ತೊಗರಿ ಚೀಲ ಅದೇ, ತೂಕದ ಕಲ್ಲು ಬೇರೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ!

ಮೊದಲು M ಅನ್ನು ಒಂದು ಅಂಕಿಗೆ ಕಟ್ಟದೆ ಫಿಟ್‌ನಲ್ಲಿ ಮುಕ್ತವಾಗಿ ಬಿಡಿ. ಹಬಲ್ ಸ್ಥಿರಾಂಕ ಎಲ್ಲೂ ನಿಲ್ಲುವುದಿಲ್ಲ, ಆದರೆ ವಿಶ್ವದಲ್ಲಿ ದ್ರವ್ಯದ ಪಾಲು 0.33ರ ಆಸುಪಾಸು ಬರಬೇಕು. ಬರದಿದ್ದರೆ ಆಗ ಕೋಡ್ ನೋಡಿ. ನಾನು ಇಲ್ಲೇ ಸಿಕ್ಕಿಬಿದ್ದಿದ್ದೆ, ಲಾಗ್ ಆಧಾರ ತಪ್ಪು ಹಾಕಿಕೊಂಡು.

ಆಮೇಲೆ ಸೆಫೀಡ್ ತಾರೆಗಳಿಂದ (ಮಿಡಿಯುವ ಅವಧಿಯಿಂದಲೇ ನಿಜವಾದ ಹೊಳಪು ತಿಳಿಯುವ ತಾರೆಗಳು) ಸಿಕ್ಕ M ಅನ್ನು ಅದರ ದೋಷದ, ಅಂದರೆ ಅನಿಶ್ಚಿತತೆಯ, ಸಮೇತ ಕೊಡಿ. ಸುಮ್ನೆ ಒಂದೇ ಅಂಕಿ ಕೊಟ್ಟರೆ ನಿಮ್ಮ ಉತ್ತರ ಇಲ್ಲದ ನಿಖರತೆ ತೋರಿಸುತ್ತದೆ.

ಕೊನೆಗೆ ಎರಡು ಬೆಲೆಗಳ ವ್ಯತ್ಯಾಸವನ್ನು ಒಟ್ಟು ದೋಷದಿಂದ (ಎರಡೂ ದೋಷಗಳ ವರ್ಗಗಳ ಮೊತ್ತದ ವರ್ಗಮೂಲ) ಭಾಗಿಸಿ; ಎಷ್ಟು ಪಟ್ಟು ಬರುತ್ತದೋ ಅಷ್ಟು ಸಿಗ್ಮಾ. ಸೆಫೀಡ್ ಮತ್ತು ಸೂಪರ್‌ನೋವಾ ಬಳಸಿದ ಖಗೋಳವಿಜ್ಞಾನಿ ಆಡಂ ರೀಸ್ ತಂಡದ 2022ರ ಬೆಲೆ 73.04 ± 1.04, ಪ್ಲಾಂಕ್‌ದು 67.4 ± 0.5. ಸುಮಾರು 5 ಸಿಗ್ಮಾ. ನಿಮ್ಮ ದೋಷ ದೊಡ್ಡದಿದ್ದರೆ ಕಮ್ಮಿ ಬರುತ್ತದೆ, ಅದನ್ನೇ ಬರೆಯಿರಿ.

ಸರಾಸರಿ ತೆಗೆದು 70 ಅಂತ ಮಾತ್ರ ಹಾಕಬೇಡಿ. ಖಗೋಳವಿಜ್ಞಾನಿ ವೆಂಡಿ ಫ್ರೀಡ್‌ಮನ್ ತಂಡಕ್ಕೂ 70ರ ಹತ್ತಿರ ಸಿಕ್ಕಿದೆ ನಿಜ, ಆದರೆ ಅದು ಬೇರೆ ತಾರೆಗಳಿಂದ ಅಳೆದದ್ದು. ತಪ್ಪು ಅಳತೆಯಲ್ಲಿದೆಯೋ ವಿಶ್ವದ ಮಾದರಿಯಲ್ಲಿದೆಯೋ ಇನ್ನೂ ತೀರ್ಮಾನ ಆಗಿಲ್ಲ.

ಗೆಲಾಕ್ಸಿಗಳ ಗುಂಪುಗೂಡುವಿಕೆಯ ಬಗ್ಗೆಯೂ ಕೇಳಿದ್ದಿರಿ. ಅಲ್ಲಿ S8 ಅನ್ನು S8 ಜೊತೆಗೇ ಹೋಲಿಸಿ, ಸಿಗ್ಮಾ-8 ಜೊತೆ ಅಲ್ಲ. ಸಿಗ್ಮಾ-8 ಅಂದರೆ ದ್ರವ್ಯ ಎಷ್ಟು ಗುಂಪುಗೂಡಿದೆ ಎಂಬ ಅಳತೆ; ಅದಕ್ಕೆ ದ್ರವ್ಯದ ಪಾಲನ್ನೂ ಸೇರಿಸಿದರೆ S8.