ಬ್ಯಾಗ್ ಹಿಡಿದ ಕೈ ಬರೆಯಲಿ

ಮಾನ್ಯ ಸೋದರಿಯವರಿಗೆ ವಂದನೆಗಳು.

ನಮ್ಮ ಮಾಸಪತ್ರಿಕೆಗೆಂದು ನೀವು ಡೊಂಬಿವಲಿಯಿಂದ ಕಳುಹಿಸಿದ ‘ತುರ್ತು ಚಿಕಿತ್ಸಾ ವಿಭಾಗದ ದಾದಿಯರ ವಾಯುಮಾರ್ಗ ನಿರ್ವಹಣಾ ಕೌಶಲ್ಯ’ ಎಂಬ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದ್ದೇನೆ; ಅರಿವಳಿಕೆ ತಜ್ಞರಾಗಿರುವ ಗೆಳೆಯರೊಬ್ಬರಿಗೂ ಓದಿಸಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ‘ಸ್ಥಳಾಭಾವದಿಂದ ವಿಷಾದಪೂರ್ವಕವಾಗಿ’ ಎಂಬ ಅಚ್ಚಿನ ಚೀಟಿಯನ್ನು ಲಗತ್ತಿಸಿ ಮರಳಿಸುವುದು ನನಗೆ ಸುಲಭವಿತ್ತು. ಒಂಬತ್ತನೆಯ ಪುಟದ ಕೊನೆಯ ನಾಲ್ಕು ಸಾಲುಗಳು ಹಾಗೆ ಮಾಡಲು ಬಿಡಲಿಲ್ಲ.

ಆ ಸಾಲುಗಳನ್ನು ನಿಮಗೇ ಮತ್ತೊಮ್ಮೆ ಓದಿಸುತ್ತೇನೆ: ‘ಲೋಕಲಿನಿಂದ ಬಿದ್ದ ಹುಡುಗನನ್ನು ಕುರ್ಲಾ ಕಡೆಯಿಂದ ತಂದರು. ಗೊರಕೆ ಹೊಡೆಯುತ್ತಿದ್ದ. ಮಾವ್ಶಿ “ಝೋಪ್ಲಾ ಆಹೆ” ಎಂದರು. ನಾನು ದವಡೆ ಎತ್ತಿ ಹಿಡಿದೆ, ಗೊರಕೆ ನಿಂತಿತು.’ ಇಷ್ಟು ಬರೆದು ನೀವು ಮುಂದಿನ ಪ್ಯಾರಾದಲ್ಲಿ ಮತ್ತೆ ‘ಶ್ವಾಸಾಂಗವ್ಯೂಹದ ರಚನೆ’ಗೆ ಹಿಂದಿರುಗಿದ್ದೀರಿ. ನನ್ನ ಮಟ್ಟಿಗೆ ಲೇಖನ ಇರುವುದು ಇಲ್ಲಿ. ಉಳಿದ ಹದಿಮೂರು ಮುಕ್ಕಾಲು ಪುಟಗಳು ನರ್ಸಿಂಗ್ ಶಾಲೆಯ ನೋಟ್ಸಿನಿಂದ ಇಳಿದು ಬಂದಿವೆ.

ಪ್ರಜ್ಞೆ ತಪ್ಪಿದವನ ಗೊರಕೆ ಎಂದರೆ ಸಡಿಲಗೊಂಡ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಅರ್ಧ ಮುಚ್ಚಿದೆ ಎಂಬ ಸೂಚನೆ; ಆಯಾ ಮಾವ್ಶಿಗೆ ನಿದ್ದೆಯಾಗಿ ಕೇಳಿಸಿದ ಅದೇ ಸದ್ದು ನಿಮಗೆ ಅಪಾಯವಾಗಿ ಕೇಳಿಸಿತು. ಸಾಮಾನ್ಯವಾಗಿ ಹಣೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಎತ್ತುವವರು ನೀವು, ಆ ಹುಡುಗನಿಗೆ ಹಾಗೆ ಮಾಡಲಿಲ್ಲ, ಏಕೆಂದರೆ ಓಡುವ ಲೋಕಲ್ ರೈಲಿನಿಂದ ಬಿದ್ದವನ ಕುತ್ತಿಗೆಯ ಮೂಳೆ ಮುರಿದಿರಬಹುದು. ತಲೆಯ ಹಿಂಬದಿಗೆ ನಿಂತು, ಎರಡೂ ಕೈಗಳ ಬೆರಳುಗಳನ್ನು ಕಿವಿಯ ಕೆಳಗಿನ ದವಡೆಯ ಮೂಲೆಗೆ ಸಿಕ್ಕಿಸಿ, ಕುತ್ತಿಗೆಯನ್ನು ಅಲುಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ತಳ್ಳಿದಿರಿ. ನಿಮ್ಮ ಎರಡೂ ಕೈಗಳು ಅಲ್ಲಿಯೇ ಸಿಕ್ಕಿಕೊಂಡಿದ್ದಾಗ ಬಾಯಿಯಲ್ಲಿನ ರಕ್ತವನ್ನು ಸಕ್ಷನ್ ಯಂತ್ರದಿಂದ ಹೀರಿ ತೆಗೆದವರು ಯಾರು? ನಾಲಿಗೆ ಹಿಂದಕ್ಕೆ ಬೀಳದಂತೆ ತಡೆಯುವ ಬಾಗಿದ ನಳಿಗೆಯನ್ನು, ಅಂದರೆ ಏರ್‌ವೇಯನ್ನು, ಗಂಟಲಿಗೆ ಹಾಕಿದಿರೋ? ಹಾಕಿದ್ದರೆ, ಬಾಯಿಯ ಅಂಚಿನಿಂದ ದವಡೆಯ ಮೂಲೆಯವರೆಗೆ ಅದನ್ನು ಕೆನ್ನೆಯ ಮೇಲಿಟ್ಟು ಅಳೆದಿರಲೇಬೇಕು, ಹುಡುಗನಿಗೆ ಓಕರಿಕೆ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡಿರಲೇಬೇಕು. ಮೂಗಿನಿಂದ ಹಾಕುವ ಮೆತ್ತನೆಯ ನಳಿಗೆಯನ್ನು ಬಳಸದಿದ್ದರೆ ಅದಕ್ಕೆ ಕಾರಣವೇನು, ಕಣ್ಣಿನ ಸುತ್ತ ಕಪ್ಪಾಗಿತ್ತೆ, ಕಿವಿಯಿಂದ ತಿಳಿ ನೀರು ಸೋರುತ್ತಿತ್ತೆ, ತಲೆಬುರುಡೆಯ ತಳ ಒಡೆದಿರುವ ಸಂಶಯವಿತ್ತೆ? ಇವೆಲ್ಲ ನಿಮ್ಮ ತಲೆಯಲ್ಲಿ ಒಂದೆರಡು ನಿಮಿಷಗಳೊಳಗೆ ನಡೆದು ಹೋದ ವಿಚಾರಗಳು. ಓದುಗನಿಗೆ ಬೇಕಾಗಿರುವುದು ಆ ಒಂದೆರಡು ನಿಮಿಷಗಳೇ.

ಇನ್ನು ತಪ್ಪುಗಳ ವಿಷಯ. ಐದನೆಯ ಪುಟದಲ್ಲಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿದರೆ ರೋಗಿಯ ಉಸಿರಾಟ ಸುರಕ್ಷಿತವಾಗಿದೆಯೆಂದು ತಿಳಿಯಬಹುದು ಎಂದಿದ್ದೀರಿ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಈ ಯಂತ್ರದ ಬಗ್ಗೆ ನಮ್ಮ ಓದುಗರಲ್ಲಿ ಈಗಾಗಲೇ ಇರುವ ಭ್ರಮೆಯನ್ನು ಕ್ಯಾಶುವಾಲ್ಟಿಯ ನರ್ಸ್ ಒಬ್ಬರೇ ಗಟ್ಟಿಗೊಳಿಸುವುದು ಸರಿಯಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆ ಎಂಬುದನ್ನು ಅದು ಹೇಳುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ನಿದ್ದೆಮಾತ್ರೆ ಹೆಚ್ಚು ನುಂಗಿ ನಿಮಿಷಕ್ಕೆ ಆರೇ ಸಲ ಉಸಿರಾಡುತ್ತಿರುವವನಿಗೆ ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟರೆ ಯಂತ್ರ 98 ತೋರಿಸುತ್ತಲೇ ಇರಬಹುದು, ಅವನು ಮಾತ್ರ ಒಳಗೊಳಗೇ ಮಂಕಾಗುತ್ತಾ ಹೋಗುತ್ತಾನೆ. ಆದ್ದರಿಂದಲೇ ಎದೆಯನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕೆಂದು ನಿಮಗೆ ಕಲಿಸಿರುವುದು. (ಎಲ್ಲ ರೋಗಿಗಳ ಚಾರ್ಟಿನಲ್ಲೂ ಎಣಿಸದೆಯೇ 20 ಎಂದು ಬರೆಯುವ ಅಭ್ಯಾಸದ ಬಗ್ಗೆ ನೀವು ಧೈರ್ಯವಾಗಿ ಒಂದು ಪ್ಯಾರಾ ಬರೆದರೆ ನಾನು ಒಂದಕ್ಷರವನ್ನೂ ತೆಗೆಯುವುದಿಲ್ಲ.) ಹಾಗೆಯೇ ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟಿರುವ ಹಿರಿಯರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿಯಿಟ್ಟುಕೊಳ್ಳುತ್ತಾರೆ, ಎಲ್ಲರಿಗೂ ನೂರರ ಹತ್ತಿರ ತರಬೇಕೆಂಬ ನಿಮ್ಮ ವಾಕ್ಯವನ್ನು ತಿದ್ದಬೇಕು.

ಕೈಯಿಂದ ಒತ್ತಿ ಮಾಸ್ಕಿನ ಮೂಲಕ ರೋಗಿಗೆ ಉಸಿರು ಕೊಡುವ ಚೀಲದ ಬಗ್ಗೆ ಏಳನೆಯ ಪುಟದಲ್ಲಿ ಬರೆದಿರುವ ‘ಅಂಬು ಬ್ಯಾಗನ್ನು ಪೂರ್ತಿಯಾಗಿ, ವೇಗವಾಗಿ ಒತ್ತುತ್ತಿರಬೇಕು’ ಎಂಬುದು ಇನ್ನೂ ದೊಡ್ಡ ತಪ್ಪು. ಗಾಬರಿಯಲ್ಲಿ ಕೈ ಹಾಗೆ ಮಾಡುತ್ತದೆಂಬುದು ನಿಜ, ಆದರೆ ಗಾಬರಿಯನ್ನು ವಿಧಾನವೆಂದು ಬರೆಯಬಾರದು. ದೊಡ್ಡವರ ಬ್ಯಾಗಿನಲ್ಲಿ ಒಂದೂವರೆ ಲೀಟರಿನಷ್ಟು ಗಾಳಿ ಹಿಡಿಯುತ್ತದೆ. ಒಂದು ಉಸಿರಿಗೆ ಬೇಕಾದದ್ದು ಸುಮಾರು ಅರ್ಧ ಲೀಟರ್. ಎದೆ ಏಳುವುದು ಕಣ್ಣಿಗೆ ಕಾಣುವಷ್ಟು, ಒಂದು ಸೆಕೆಂಡಿನ ಅವಧಿಯಲ್ಲಿ ಒತ್ತಿ ಬಿಡಬೇಕು. ಹೃದಯ ನಿಂತವರಿಗೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆ ಆರು ಸೆಕೆಂಡಿಗೊಮ್ಮೆ ಸಾಕು, ಹಾಕುವ ಮೊದಲಾದರೆ 30 ಸಲ ಎದೆ ಒತ್ತಿ 2 ಉಸಿರು. ಹೆಚ್ಚು ಒತ್ತಿದ ಗಾಳಿ ಹೊಟ್ಟೆಗೆ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತದೆ, ಗಂಟಲಿಗೆ ಬಂದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ; ಜೊತೆಗೆ ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಮಾಸ್ಕ್ ಹಿಡಿಯುವ ಬಗೆಯನ್ನು ನೀವು ವಿವರಿಸಿಯೇ ಇಲ್ಲ. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ದವಡೆಯ ಮೂಳೆಯ ಮೇಲೆ. ಮೂಳೆ ಬಿಟ್ಟು ಕೆಳಗಿನ ಮೆತ್ತನೆಯ ಭಾಗವನ್ನು ಒತ್ತಿದರೆ ನಾಲಿಗೆಯೇ ಮೇಲೆದ್ದು ದಾರಿ ಮುಚ್ಚುತ್ತದೆ. ಗಡ್ಡವಿದ್ದವರಲ್ಲಿ ಗಾಳಿ ಸೋರುವುದು, ಗಟ್ಟಿಯಾಗಿ ಕುಳಿತ ಕಟ್ಟಿದ ಹಲ್ಲುಗಳನ್ನು ಆ ಹೊತ್ತಿಗೆ ತೆಗೆಯದೆ ಇರುವುದು, ಇಂಥವನ್ನು ನಿಮ್ಮ ಹೊರತು ನನ್ನಂಥವನು ಬರೆಯಲಾರ.

ಇದೇ ಬ್ಯಾಗು ಎರಡನೆಯ ಮಹಾಯುದ್ಧದ ಸೈನಿಕರಿಗಾಗಿ ಹುಟ್ಟಿತೆಂದು ಬರೆದಿದ್ದೀರಿ; ಅದು ಹಾಗಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ತುಂಬಿಕೊಂಡಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು, ಕತ್ತಿನಲ್ಲಿ ಮಾಡಿದ ರಂಧ್ರದ ಮೂಲಕ ಕೈಯಿಂದಲೇ ರಬ್ಬರ್ ಚೀಲ ಒತ್ತಿ ವಾರಗಟ್ಟಲೆ ಅವರನ್ನು ಉಸಿರಾಡಿಸಿದರು. ತಾನಾಗಿ ಉಬ್ಬಿಕೊಳ್ಳುವ ಬ್ಯಾಗನ್ನು ಹೋಲ್ಗರ್ ಹೆಸ್ಸೆ ಮತ್ತು ಹೆನ್ನಿಂಗ್ ರೂಬೆನ್ ಅದೇ ಡೆನ್ಮಾರ್ಕಿನಲ್ಲಿ 1956ರಲ್ಲಿ ಹೊರತಂದರು. ಇದಕ್ಕೆ ಎರಡು ವಾಕ್ಯ ಸಾಕು.

ಟ್ಯೂಬ್ ಹಾಕುವವರು ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ವೈದ್ಯರೇ ಆದ್ದರಿಂದ, ನಿಮ್ಮ ಪಾಲನ್ನು ‘ಸಹಕರಿಸುವುದು’ ಎಂಬ ಒಂದೇ ಶಬ್ದದಲ್ಲಿ ಮುಗಿಸಿದ್ದೀರಿ. ಗಂಟಲಿನೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬೆಳಕು ಹತ್ತುತ್ತದೆಯೇ ನೋಡುವುದು, ಟ್ಯೂಬಿನ ತುದಿಯ ಬಳಿ ಗಾಳಿ ತುಂಬುವ ಕಫ್ ಎಂಬ ಪಟ್ಟಿಯನ್ನು ಉಬ್ಬಿಸಿ ಪರೀಕ್ಷಿಸುವುದು, ಅರ್ಧ ಅಳತೆ ಚಿಕ್ಕದೊಂದನ್ನು ಪಕ್ಕದಲ್ಲಿಟ್ಟಿರುವುದು, ವೈದ್ಯರು ಗಂಟಲಿನೊಳಗೆ ಮುಳುಗಿ ಹೊತ್ತು ಮರೆತಾಗ ಆಕ್ಸಿಮೀಟರಿನಲ್ಲಿ ಇಳಿಯುತ್ತಿರುವ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳುವುದು, ಇದನ್ನೆಲ್ಲ ಸಹಕಾರವೆಂದು ಕರೆದರೆ ಕನ್ನಡಕ್ಕೂ ಅನ್ಯಾಯ, ನಿಮಗೂ ಅನ್ಯಾಯ. ಟ್ಯೂಬ್ ಅನ್ನನಾಳಕ್ಕೆ ಹೋಗಿಲ್ಲವೆಂದು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ತೋರಿಸುವ ಕ್ಯಾಪ್ನೋಗ್ರಾಫ್ ಗೆರೆ ನೋಡಿ ಖಚಿತಪಡಿಸಿಕೊಂಡ ಮೇಲೆ, ಹಲ್ಲಿನ ಬಳಿಯ ಗುರುತನ್ನು, ಹೆಂಗಸರಲ್ಲಿ ಸುಮಾರು 21, ಗಂಡಸರಲ್ಲಿ ಸುಮಾರು 23 ಸೆಂಟಿಮೀಟರ್, ಬರೆದಿಡುವವರು ನೀವು. ಸ್ಟ್ರೆಚರಿನಿಂದ ಸಿಟಿ ಸ್ಕ್ಯಾನ್ ಮೇಜಿಗೆ ಎತ್ತಿ ಹಾಕುವಾಗ ಅದು ಸರಿದದ್ದನ್ನು ಹಿಡಿಯುವವರೂ ನೀವೇ.

ಇಲ್ಲಿ ನನ್ನದೊಂದು ಅನುಭವ. ನನ್ನ ಅಣ್ಣನಿಗೆ ಉಬ್ಬಸ. ಒಂದು ಮಳೆಗಾಲದ ರಾತ್ರಿ ಅವನನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದಾಗ ದಾರಿಯುದ್ದಕ್ಕೂ ಕೇಳುತ್ತಿದ್ದ ಸುಯ್‌ಗುಡುವ ಸದ್ದು ಬಾಗಿಲ ಬಳಿ ನಿಂತುಹೋಯಿತು. ಅತ್ತಿಗೆ ‘ದೇವರು ದೊಡ್ಡವನು, ಕಡಿಮೆಯಾಯಿತು’ ಎಂದರು. ಕೇರಳದವರೋ ಮಂಗಳೂರಿನವರೋ ಇದ್ದ ಆ ಸಿಸ್ಟರ್ ಅಣ್ಣನ ಅಂಗಿಯನ್ನು ಮೇಲೆತ್ತಿ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುವುದನ್ನು ಒಂದು ಕ್ಷಣ ನೋಡಿ, ವೈದ್ಯರನ್ನು ಓಡಿ ಬರುವಂತೆ ಕೂಗಿದರು. ಸೀಟಿಯಂಥ ಆ ಸದ್ದು ಹೊರಡಬೇಕಾದರೂ ಒಳಗೆ ಗಾಳಿ ಓಡಾಡಬೇಕು ಎಂಬುದು ನನಗೆ ಅರ್ಥವಾದದ್ದು ಮರುದಿನ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಅಂಥ ಕಿವಿಯನ್ನು.

ಭಾಷೆಯ ಬಗ್ಗೆ ಸ್ವಲ್ಪ ಹೇಳಬೇಕು. ‘ವಾಯುಮಾರ್ಗ ನಿರ್ವಹಣೆ’ ಎಂದರೆ ನಮ್ಮ ಓದುಗರಿಗೆ ಸಾಂತಾಕ್ರೂಜ್ ವಿಮಾನ ನಿಲ್ದಾಣ ನೆನಪಾದೀತು. ‘ಉಸಿರಿನ ದಾರಿ’ ಎನ್ನಿ. ದಾದಿ, ಶುಶ್ರೂಷಕಿ, ಪರಿಚಾರಿಕೆ ಎಂದು ಪುಟಕ್ಕೊಂದು ಹೆಸರು ಬದಲಿಸುವುದಕ್ಕಿಂತ ‘ನರ್ಸ್’ ಎಂಬುದೇ ಲೇಸು. ‘ಚೂಷಣ ಯಂತ್ರ’ವನ್ನು ನೀವು ಎಂದಾದರೂ ಹಾಗೆ ಕರೆದು ಕೇಳಿದ್ದೀರಾ? ರೋಗಿಗೆ ನೀವು ಹೇಳುವುದು ‘ದೀರ್ಘವಾಗಿ ಶ್ವಾಸೋಚ್ಛ್ವಾಸ ನಡೆಸಿರಿ’ ಎಂದಲ್ಲ, ‘ಕಾಕಾ, ಶ್ವಾಸ ಘ್ಯಾ’ ಎಂದು. ಮರಾಠಿಯಲ್ಲೇ ಇರಲಿ, ಮುಂಬಯಿಯ ಕನ್ನಡಿಗರಿಗೆ ಅರ್ಥ ಬಿಡಿಸಬೇಕಾಗಿಲ್ಲ.

ಕೊನೆಯ ಪುಟದಲ್ಲಿ ಅರುಣಾ ಶಾನಭಾಗರನ್ನು ತಂದಿದ್ದೀರಿ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಕತ್ತಿಗೆ 1973ರ ನವೆಂಬರ್ 27ರಂದು ಸರಪಳಿ ಬಿಗಿದು ಮಿದುಳಿಗೆ ಆಮ್ಲಜನಕ ತಪ್ಪಿದ್ದು, 2015ರ ಮೇ 18ರಂದು ಅವರು ತೀರಿಕೊಳ್ಳುವವರೆಗೆ ಅಲ್ಲಿನ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡದ್ದು, ಇವು ನಮ್ಮವರೆಲ್ಲರೂ ಬಲ್ಲ ಸಂಗತಿಗಳು. ಅವರ ಹೆಸರನ್ನು ‘ತ್ಯಾಗಮೂರ್ತಿ’ ಎಂಬ ಶಬ್ದಕ್ಕೆ ತೋರಣವಾಗಿ ಕಟ್ಟಿದ್ದು ನನಗೆ ಹಿಡಿಸಲಿಲ್ಲ. ಅವರು ತ್ಯಾಗ ಮಾಡಲಿಲ್ಲ, ಅವರ ಮೇಲೆ ಹಲ್ಲೆ ನಡೆಯಿತು. ಆ ಪ್ಯಾರಾವನ್ನು ಬಿಡಿ. ನಾಲ್ಕು ದಶಕಗಳ ಆ ಶುಶ್ರೂಷೆಯ ಬಗ್ಗೆ ಬೇರೆಯೇ ಲೇಖನ ಬರೆಯುವುದಾದರೆ ನಾವು ಮಾತಾಡೋಣ.

ಹೊಸ ಬರಹ ಐದು ಪುಟ ಮೀರದಿರಲಿ, ಲೋಕಲಿನಿಂದ ಬಿದ್ದ ಹುಡುಗನಿಂದಲೇ ಆರಂಭವಾಗಲಿ. ಅವನ ಹೆಸರು, ತಾರೀಖು, ಆಸ್ಪತ್ರೆಯ ಗುರುತು ಯಾವುದೂ ಬೇಡ. ಅವನ ದವಡೆ ಹಿಡಿದು ನೀವು ಎಷ್ಟು ಹೊತ್ತು ನಿಂತಿದ್ದಿರಿ, ಕೈ ಎಲ್ಲಿ ಜೋಮು ಹಿಡಿಯಿತು, ಯಾರು ಬಂದು ಬಿಡಿಸಿಕೊಂಡರು ಎಂಬುದನ್ನು ಬರೆಯಲು ಮರೆಯಬೇಡಿ. ಹಸ್ತಪ್ರತಿಯನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ಒಂಬತ್ತನೆಯ ಪುಟದ ಅಂಚಿಗೆ ಕೆಂಪು ಗೆರೆ ಎಳೆದಿದ್ದೇನೆ.

ತಮ್ಮ ವಿಶ್ವಾಸಿ,
ಸಂಪಾದಕ