ಕೀಳು ಪದ ಎಣಿಸಬೇಡಿ, ಕ್ರಿಯಾಪದ ನೋಡಿ

ಪತ್ರಿಕೆಗಳ ಭಾಷೆಯಲ್ಲಿ ಅಸಮಾನತೆ ತೋರಿಸಲು ಕೀಳು ಪದಗಳನ್ನು ಎಣಿಸಿದರೆ ಸಾಕಾ, ಭಾಷೆ ಮತ್ತು ಅಧಿಕಾರದ ನಂಟನ್ನು ವಿಶ್ಲೇಷಿಸಿದ ವಿದ್ವಾಂಸರಲ್ಲಿ ಫೇರ್‌ಕ್ಲಫ್ ಹಿಡಿಯಲಾ ವ್ಯಾನ್ ಡೈಕ್ ಹಿಡಿಯಲಾ ಅಂತ ಕೇಳಿದ್ದೀರಿ. ನಾನೂ ಎಣಿಕೆಯಿಂದಲೇ ಶುರು ಮಾಡಿದ್ದೆ. ನಾನು ಎಣಿಸಿದ್ದು ಕರ್ಮಣಿ ಪ್ರಯೋಗ, ಅಂದರೆ ‘ಪೊಲೀಸರು ಕೊಂದರು’ ಅನ್ನುವ ಬದಲು ‘ಪೊಲೀಸರಿಂದ ಕೊಲ್ಲಲ್ಪಟ್ಟರು’ ಅನ್ನುವಂಥ ವಾಕ್ಯ.

ಅದಕ್ಕೆ ಕಾರಣ ಇತ್ತು. 1975ರಲ್ಲಿ, ಬಿಳಿಯರ ಆಳ್ವಿಕೆಯಿದ್ದ ರೊಡೇಶಿಯಾದ (ಈಗಿನ ಜಿಂಬಾಬ್ವೆ) ಸಾಲಿಸ್‌ಬರಿಯಲ್ಲಿ ಪೊಲೀಸರು ಗುಂಡು ಹಾರಿಸಿ ಕಪ್ಪು ಜನರನ್ನು ಕೊಂದರು. ಲಂಡನ್ನಿನ ‘ಟೈಮ್ಸ್’ ತಲೆಬರಹದಲ್ಲಿ ಸತ್ತವರೇ ಮೊದಲು ಬಂದರು, ಅದೂ ದೊಂಬಿಕೋರರಾಗಿ. ಕೊಂದ ಪೊಲೀಸರು ಹಿಂದೆ ಸರಿದರು. ‘ಗಾರ್ಡಿಯನ್’ ಪೊಲೀಸರನ್ನೇ ಮೊದಲಿಗಿಟ್ಟಿತು. ಪತ್ರಿಕೆಗಳ ಭಾಷೆಯನ್ನು ಅಧ್ಯಯನ ಮಾಡಿದ ಟೋನಿ ಟ್ರೂ ಇದನ್ನು 1979ರಲ್ಲಿ ಬಿಡಿಸಿ ತೋರಿಸಿದರು. ನಾನು ಅದೇ ಅಳತೆಗೋಲನ್ನು ಕನ್ನಡಕ್ಕೆ ತಂದು ‘ಕೊಲ್ಲಲ್ಪಟ್ಟ’, ‘ಕೆಡವಲ್ಪಟ್ಟ’ ಅಂತ ಹುಡುಕಿದೆ. ಸಿಕ್ಕಿದ್ದು ತೀರಾ ಕಡಿಮೆ. ‘ಕನ್ನಡ ಪತ್ರಿಕೆಗಳು ಮಾಡಿದವರನ್ನು ಮರೆಮಾಚುವುದಿಲ್ಲ’ ಅಂತ ಬರೆದುಬಿಟ್ಟೆ. ನನ್ನ ಸಂಶೋಧನೆಯ ಆ ಅಧ್ಯಾಯ ವಾಪಸ್ ಬಂತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು.

ಮರೆಮಾಚಲು ಕನ್ನಡಕ್ಕೆ ಆ ‘ಪಟ್ಟ’ ಬೇಕಾಗಿಯೇ ಇಲ್ಲ, ಅಲ್ವಾ? ‘ಗುಡಿಸಲುಗಳನ್ನು ತೆರವುಗೊಳಿಸಲಾಯಿತು.’ ‘ಮನೆಗಳು ನೆಲಸಮವಾದವು.’ ‘ಕೂಲಿ ಕಡಿತವಾಗಿದೆ.’ ಯಾರು ಮಾಡಿದ್ದು? ಹೇಳದೆಯೂ ವಾಕ್ಯ ಸಲೀಸಾಗಿ ಮುಗಿಯುತ್ತದೆ. ಅದೇ ವರದಿಯಲ್ಲಿ ಕಲ್ಲು ಬಿದ್ದರೆ ಮಾತ್ರ ‘ನಿವಾಸಿಗಳು ಕಲ್ಲು ತೂರಿದರು’. ಅಲ್ಲಿ ಮಾಡಿದವರು ಎದ್ದು ಕಾಣುತ್ತಾರೆ. ಈ ತಾರತಮ್ಯ ನನ್ನ ಕಣ್ಣಮುಂದೆಯೇ ಇತ್ತು. ನಾನು ಇಂಗ್ಲಿಷಿನ ವ್ಯಾಕರಣವನ್ನು ಹುಡುಕುತ್ತಿದ್ದೆ, ಅದಕ್ಕೇ ಕಾಣಲಿಲ್ಲ.

ಮಾತು ಯಾರದು ಅನ್ನುವುದನ್ನೂ ನೋಡಿ. ಅಧಿಕಾರಿ ‘ಸ್ಪಷ್ಟಪಡಿಸಿದರು’. ಮನೆ ಕಳೆದುಕೊಂಡ ಮಹಿಳೆ ‘ಅಳಲು ತೋಡಿಕೊಂಡರು’. ನೋಟಿಸ್ ಬಂದೇ ಇರಲಿಲ್ಲ ಅಂತ ಆಕೆ ಹೇಳಿದ್ದು ಪರಿಶೀಲಿಸಬೇಕಾದ ಮಾಹಿತಿ. ಪತ್ರಿಕೆಯಲ್ಲಿ ಅದು ಬರೀ ಸಂಕಟವಾಗಿಬಿಡುತ್ತದೆ, ಯಾರೂ ಪರಿಶೀಲಿಸಲು ಹೋಗುವುದಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಲ್ಲಿ ಒಂದೇ ಒಂದು ಕೀಳು ಪದ ಇಲ್ಲ. ನಿಮ್ಮ ಪದಪಟ್ಟಿಗೆ ಇದು ಸಿಗುವುದೇ ಇಲ್ಲ.

ಹಾಗಾಗಿ ಫೇರ್‌ಕ್ಲಫ್ಫಾ ವ್ಯಾನ್ ಡೈಕಾ ಅನ್ನುವ ಚಿಂತೆ ಈಗಲೇ ಬೇಡ. ಮಾತಾಡುವ ಅವಕಾಶವೇ ಯಾರಿಗೆ ಸಿಗುತ್ತದೆ ಅನ್ನುವ ವ್ಯಾನ್ ಡೈಕ್ ಪ್ರಶ್ನೆ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಮೊದಲು ಒಂದೇ ಘಟನೆಯ ಕೆಲವು ವರದಿಗಳನ್ನು ಪ್ರಿಂಟ್ ತೆಗೆದುಕೊಳ್ಳಿ. ಪ್ರತಿ ಕ್ರಿಯಾಪದದ ಪಕ್ಕ ‘ಯಾರು?’ ಅಂತ ಬರೆಯಿರಿ. ಉತ್ತರ ಸಿಗದ ಕಡೆ ಗುರುತು ಹಾಕಿ. ಯಾರ ಕೆಲಸಗಳಿಗೆ ಆ ಗುರುತು ಜಾಸ್ತಿ ಬೀಳುತ್ತದೆ ಅಂತ ನೋಡಿಕೊಂಡು ಆಮೇಲೆ ಸಿದ್ಧಾಂತ ಆರಿಸಿ.