ಎರಡನೇ ಕೂಸು ಮುಂದಕ್ಕ ಹಾಕಿದ್ದು ತಪ್ಪಲ್ರೀ
ಅಕ್ಕಾರ, ‘ಲಾಕ್‌ಡೌನ್ ಅಂತ 2020ರಾಗ ಎರಡನೇ ಕೂಸು ಮುಂದಕ್ಕ ಹಾಕಿದೆ, ಅತ್ತಿ ಇನ್ನೂ ಬೈತಾರ, ನಂದ ತಪ್ಪೇನು?’ ಅಂತ ಕೇಳೀರಿ. ಖಂಡಿತ ಅಲ್ರೀ.

ನಾನೂ ಬನಹಟ್ಟಿ ಸೊಸಿ. ಆವಾಗ ಮಗ್ಗ ನಿಂತಿದ್ವು, ಕೂಲಿ ಇರಲಿಲ್ಲ. ಇದ್ದ ಕೂಸಿಗೆ ಹಾಲು ತರೂದ ದೊಡ್ಡ ಚಿಂತಿ ಆಗಿತ್ತು, ಇನ್ನೊಂದರ ಮಾತು ಎಲ್ಲಿಂದ ಬರಬೇಕು? ದವಾಖಾನಿಗೆ ಹೋಗಾಕ ಬಸ್ಸಿಲ್ಲ, ಹೋದ್ರ ಕೊರೋನಾ ಹತ್ತೀತು ಅನ್ನೂ ಅಂಜಿಕಿ. ಬಾಣಂತನಕ್ಕ ತವರಿಗೆ ಹೋಗೂದೂ ಕಷ್ಟ. ಬಸುರಿಯರಿಗೆ ಲಸಿಕೆ ಹಾಕಬಹುದು ಅಂತ ಸರಕಾರ ಹೇಳಿದ್ದು 2021ರ ಜುಲೈದಾಗ. ಅಲ್ಲೀತನಾ ತಡದಿದ್ದು ಶಾಣ್ಯಾತನಾನ.

ದೂರದ ಅಮೆರಿಕದಾಗೂ, ಬಸಿರು-ಬಾಣಂತನದ ಬಗ್ಗೆ ಸಂಶೋಧನೆ ಮಾಡೂ ಗುಟ್‌ಮಾಕರ್ ಸಂಸ್ಥೆ 2020ರಾಗ ಕೇಳಿದಾಗ, ಶೇ. 34ರಷ್ಟು ಹೆಣ್ಮಕ್ಕಳು ಕೊರೋನಾ ಸಲುವಾಗಿ ಬಸಿರು ಮುಂದಕ್ಕ ಹಾಕ್ತೀವಿ, ಇಲ್ಲಾ ಮಕ್ಕಳು ಕಡಿಮಿ ಸಾಕು ಅಂದಿದ್ರು. ಲಗೂನ ಬೇಕು, ಇಲ್ಲಾ ಹೆಚ್ಚಿಗಿ ಬೇಕು ಅಂದವರೂ ಶೇ. 17ರಷ್ಟು ಇದ್ರು.

ನಿಮಗ ತಡಿಯೂ ದಾರಿಯಾದ್ರೂ ಇತ್ತು. ನಮ್ಮ ಓಣ್ಯಾಗ ಬಸಿರು ತಡಿಯೂ ಗುಳಿಗಿ ಸಿಗದ ಬಸರಾಗಿ, ಒಳಗೊಳಗ ಅತ್ತಾಕಿನ್ನ ನೋಡೀನಿ. ಅದು ನೆನಪಾದ್ರ ಈಗೂ ಸಂಕಟ ಆಗತೈತಿ.

ಈಗ ಕೂಸು ಬೇಕಂದ್ರ ಮೊದಲ ರಕ್ತ ತಪಾಸಣಿ ಮಾಡಸ್ರಿ. ಇನ್ನೂ ಬ್ಯಾಡಂದ್ರ ಆಶಾ ಅಕ್ಕಾರ್ನ ಕೇಳ್ರಿ, ಮೂರು ತಿಂಗಳಿಗೊಮ್ಮೆ ಹಾಕೂ ‘ಅಂತರಾ’ ಇಂಜೆಕ್ಷನ್ ಸರಕಾರಿ ದವಾಖಾನ್ಯಾಗ ಪುಕ್ಕಟೆ ಸಿಗತೈತಿ.